ರೇಡಿಯಂ ಅಕ್ಕನ ಕಿಟಕಿ

ಮೊನ್ನೆ ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಮದುವೆಯ ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದೆ. ಬೀದಿಯಿಂದ ಶಾಂಪೂ ವಾಸನೆ ಬಂತು. ಹರಪನಹಳ್ಳಿಯ ನಮ್ಮ ಬೀದಿಯಲ್ಲಿ ವಾಸನೆಗಳಿಗೇನೂ ಬರವಿಲ್ಲ. ಬಸ್ ನಿಲ್ದಾಣದ ಡೀಸೆಲ್ಲು, ಮಿರ್ಚಿ ಕರಿಯುವ ಎಣ್ಣೆ, ಸುಗ್ಗಿಯಲ್ಲಿ ರಸ್ತೆಯ ಮೇಲೇ ಹರವಿದ ಮೆಕ್ಕೆಜೋಳದ ಧೂಳು, ಎಲ್ಲವೂ ಕೇಳದೆಯೇ ಒಳಗೆ ಬರುತ್ತವೆ. ಆದರೆ ಸುಡುವ ಗಾಜಿನ ಮೇಲೆ ಬಿದ್ದ ಶಾಂಪೂ ನೀರಿನ ವಾಸನೆ ಬೇರೆ. ಅದಕ್ಕೆ ಸ್ವಲ್ಪ ಅಂಟಿನ ಕಮಟು, ಸ್ವಲ್ಪ ಮಳೆಯ ತಂಪು. ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದೆ. ಎದುರಿಗೆ ಹೊಸದಾಗಿ ಎದ್ದಿರುವ ಹಲ್ಲಿನ ದವಾಖಾನೆಯ ಗಾಜಿಗೆ ಇಬ್ಬರು ಬಿಸಿಲು ತಡೆಯುವ ಫಿಲ್ಮ್ ಹಚ್ಚುತ್ತಿದ್ದರು. ಒಬ್ಬ ಬಾಟಲಿಯಿಂದ ಶಾಂಪೂ ನೀರು ಚಿಮುಕಿಸುತ್ತಿದ್ದ, ಇನ್ನೊಬ್ಬ ರಬ್ಬರಿನ ಪಟ್ಟಿಯಿಂದ ನೀರನ್ನು ಅಂಚಿಗೆ ಒತ್ತಿ ಒತ್ತಿ ತಳ್ಳುತ್ತಿದ್ದ.

ಆ ರಬ್ಬರು ಗಾಜಿನ ಮೇಲೆ ಮಾಡುವ ಕೀಚು ಸದ್ದು... ಅದನ್ನು ಕೇಳಿ ಎಷ್ಟು ಕಾಲವಾಗಿತ್ತು. ಕಣ್ಣು ತುಂಬಿ ಬಂತು. ಕುಪ್ಪಸ ಆ ದಿನ ಮುಗಿಯಲಿಲ್ಲ.

ಅವರನ್ನು ಊರೆಲ್ಲ ರೇಡಿಯಂ ಅಕ್ಕ ಎನ್ನುತ್ತಿತ್ತು. ಗಾಡಿಯ ಬೆಳಕು ಬಿದ್ದರೆ ಹೊಳೆಯುವ ಅಂಟುಹಾಳೆಗೆ ನಮ್ಮ ಕಡೆ ರೇಡಿಯಂ ಅಂತಲೇ ಹೆಸರು. ಬಸ್ ನಿಲ್ದಾಣದ ಬೇಲಿಗೆ ಆನಿಸಿ ಇಟ್ಟ ತಗಡಿನ ಡಬ್ಬಿ ಅಂಗಡಿಯಲ್ಲಿ ಕೂತು ಅವರು ಬೈಕಿನ ನಂಬರ್ ಪ್ಲೇಟಿಗೆ ಅಂಕಿ ಕತ್ತರಿಸುತ್ತಿದ್ದರು, ಟ್ರ್ಯಾಕ್ಟರಿನ ಹಿಂದೆ ದೇವರ ಹೆಸರು ಅಂಟಿಸುತ್ತಿದ್ದರು, ಕಾರಿನ ಗಾಜಿಗೆ ಫಿಲ್ಮ್ ಹಚ್ಚುತ್ತಿದ್ದರು. ಅಂಗಡಿ ಮೊದಲು ಅವರ ಗಂಡನದು. ಆತ ಕೊಟ್ಟೂರು ರಸ್ತೆಯಲ್ಲಿ, ಹಿಂದೆ ದೀಪವೂ ಇಲ್ಲದೆ ರೇಡಿಯಮ್ಮೂ ಇಲ್ಲದೆ ನಿಂತಿದ್ದ ಟ್ರೇಲರಿಗೆ ಬೈಕು ಗುದ್ದಿ ಹೋಗಿಬಿಟ್ಟ. ನೆಂಟರೆಲ್ಲ ಕೂತು, ಅಂಗಡಿ ಮಾರಿ ಮನೆಯಲ್ಲಿರು ಎಂದರಂತೆ. ಅಕ್ಕ ಎಲ್ಲರಿಗೂ ಚಹಾ ಮಾಡಿ ಕೊಟ್ಟು, ಮರುದಿನ ಅಂಗಡಿಯ ಬಾಗಿಲು ತೆಗೆದರು. ಕಂಡ ಕಂಡ ಟ್ರೇಲರನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ಹಿಂದೆ ಒಂದು ಕೆಂಪು ತುಂಡು ಅಂಟಿಸದೆ ಬಿಡುತ್ತಿರಲಿಲ್ಲ. ತುರುಬಿನಲ್ಲಿ ಹೂವಿಗಿಂತ ಪೆನ್ಸಿಲ್ಲು ಇರುತ್ತಿದ್ದದ್ದೇ ಹೆಚ್ಚು. ಕಾರುಗಳಿಗೆ ಕಪ್ಪು ಫಿಲ್ಮ್ ಹಚ್ಚಬಾರದು ಎಂದು ಕಾನೂನು ಬಿಗಿಯಾದಾಗ ಅವರ ಕೆಲಸ ಅರ್ಧಕ್ಕೆ ಇಳಿಯಿತು. ಆಗ ಅಂಗಡಿ, ಮನೆಗಳ ಕಿಟಕಿಗಳ ಕಡೆ ತಿರುಗಿದರು.

ನಮ್ಮ ಮನೆಯವರು ಬಸ್ ಕಂಡಕ್ಟರು. ಕೊಟ್ಟೂರಿನಿಂದ ನಮ್ಮೂರ ಮೇಲೆ ದಾವಣಗೆರೆಗೆ ಹೋಗುವ ಬಸ್ಸಿನಲ್ಲಿ ಬಹಳ ಕಾಲ ನಿಂತೇ ದುಡಿದವರು. ಜನ ಅಂದರೆ ಅವರಿಗೆ ಊಟ. ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದು, ಯಾವ ಮುದುಕಿ ಎಲ್ಲಿ ಇಳಿಯುತ್ತಾಳೆ, ಯಾವ ಮಾಸ್ತರು ಟಿಕೆಟ್ ತೆಗೆದು ನಿದ್ದೆ ಹೋಗುತ್ತಾನೆ, ಎಲ್ಲ ಬಾಯಲ್ಲೇ. ಮನೆಗೆ ಬಂದು ಊಟಕ್ಕೆ ಕೂತರೆ ಬಸ್ಸಿನ ಸುದ್ದಿ ಮುಗಿಯುವುದರೊಳಗೆ ಸಾರು ಆರಿ ತಣ್ಣಗಾಗಿರುತ್ತಿತ್ತು. ಅಕ್ಕ ದಾವಣಗೆರೆಯಿಂದ ಫಿಲ್ಮಿನ ಉದ್ದನೆಯ ಸುರುಳಿಗಳನ್ನು ಅವರ ಬಸ್ಸಿನಲ್ಲೇ ತರುತ್ತಿದ್ದುದು. ದಾರಿಗೆ ಅಡ್ಡ ಇಟ್ಟಿದ್ದಕ್ಕೆ ಇವರು ಬೈಯುವುದು, ಅವರು ತಿರುಗಿ ಬೈಯುವುದು, ಬಸ್ಸೆಲ್ಲ ನಗುವುದು. ಅಷ್ಟೇ ಪರಿಚಯ.

ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದ ನಮ್ಮ ಮನೆಯವರು ಬಚ್ಚಲಲ್ಲೇ ಕುಸಿದರು. ಲಕ್ವಾ. ಬಲಗಡೆ ಪೂರ್ತಿ ಹೋಯಿತು. ಬಾಯಿ ಒಂದು ಕಡೆಗೆ ಎಳೆಯಿತು, ಮಾತು ಬಿದ್ದುಹೋಯಿತು. ದಾವಣಗೆರೆಯ ಆಸ್ಪತ್ರೆಯಿಂದ ಕರೆತಂದು ಬೀದಿ ಕಡೆಯ ಕೋಣೆಯಲ್ಲಿ ಕಬ್ಬಿಣದ ಮಂಚ ಹಾಕಿ ಮಲಗಿಸಿದೆ. ಬಲಗೈಯಲ್ಲಿದ್ದ ಉಂಗುರವನ್ನು ಬಿಚ್ಚಿ ಎಡಗೈಗೆ ಹಾಕಿದೆ, ಏನಾದರೂ ಬೇಕಾದರೆ ಮಂಚದ ಸರಳಿಗೆ ಬಡಿಯಲಿ ಎಂದು. ಹೇಗೆ ಬಡಿಯಬೇಕೆಂದು ನಾನು ಹೇಳಿಕೊಡಬೇಕಾಗಲಿಲ್ಲ. ಬಸ್ಸಿನ ಗಂಟೆಯ ಲೆಕ್ಕವನ್ನೇ ಹಿಡಿದರು. ಒಂದು ಬಡಿತವೆಂದರೆ ನಿಲ್ಲು, ಇಲ್ಲಿ ಬಾ. ಎರಡು ಬಡಿತವೆಂದರೆ ಸರಿ, ಹೊರಡು.

ಆ ಕೋಣೆಗೆ ಪಡುವಣ ಕಿಟಕಿ. ಗಾರೆ ತಾರಸಿಯ ಮನೆ, ಮಧ್ಯಾಹ್ನವಾದರೆ ಮೇಲಿನಿಂದ ಕಾವು, ಗಾಜಿನಿಂದ ಬಿಸಿಲು ನೇರ ಮಂಚದ ಮೇಲೆ. ಪರದೆ ಸರಿಸಿದರೆ ಬಿಸಿಲಿನ ಜೊತೆಗೆ ಬೀದಿಯ ಜನರ ಕಣ್ಣೂ ಒಳಗೆ ಬರುತ್ತಿತ್ತು. ಬಸ್ ನಿಲ್ದಾಣಕ್ಕೆ ಹೋಗುವ ದಾರಿ ಅದೇ. ಹೋಗುವವರು ಇಣುಕಿ, “ಅಯ್ಯೋ ಶಿವನ, ಕಂಡಕ್ಟ್ರು ಹೆಂಗಿದ್ರು, ಹೆಂಗಾಗ್ಯಾರ ನೋಡ್ರಿ” ಎಂದು ಅವರಿಗೆ ಕೇಳುವ ಹಾಗೇ ಹೇಳಿ ಹೋಗುತ್ತಿದ್ದರು. ಅವರ ಕಿವಿಗೇನಾಗಿತ್ತು? ಚೆನ್ನಾಗಿಯೇ ಕೇಳಿಸುತ್ತಿತ್ತು. ಅವರು ಮುಖ ಗೋಡೆಗೆ ಮಾಡಿದರು. ನಾನು ದಪ್ಪ ಕಂಬಳಿಯನ್ನೇ ಕಿಟಕಿಗೆ ಕಟ್ಟಿದೆ. ಆಮೇಲೆ ಕತ್ತಲೆ, ಸೆಕೆ, ಬೆವರು. ಮೊದಲು ರೊಟ್ಟಿ ಬಿಟ್ಟರು, ಆಮೇಲೆ ಗಂಜಿ ಬಿಟ್ಟರು. ಚಮಚ ಬಾಯಿಗೆ ಒಯ್ದರೆ ಎರಡು ಬಡಿತ. ಹೊರಡು. ಕೂಳು ಬಿಟ್ಟು ಸಾಯಲು ಹೊರಟವರನ್ನು ಏನೆಂದು ತಡೆಯುವುದು... ಅಡುಗೆಮನೆಗೆ ಹೋಗಿ ಅಳುತ್ತಿದ್ದೆ.

ಅಕ್ಕ ಕುಪ್ಪಸದ ಬಟ್ಟೆ ಹಿಡಿದು ಬಂದದ್ದು ಆಗಲೇ. ಕೋಣೆಯ ಬಾಗಿಲಲ್ಲಿ ನಿಂತು ಕಂಬಳಿ ನೋಡಿದರು, ನನ್ನ ಮುಖ ನೋಡಿದರು.

“ಏನ್ ತಂಗಿ, ಈ ರೂಮಿನ್ಯಾಗ ಒಲಿ ಹಚ್ಚದ ರೊಟ್ಟಿ ಬೇಯಿಸಬೌದಲ್ಲ. ಮನುಷ್ಯಾ ಅದಾನ ಒಳಗ.”

“ಬಿಸಿಲಿಗಿಂತ ಜನರ ಕಣ್ಣು ಸುಡಾಕತ್ತಾವಕ್ಕ. ಅವ್ರನ್ನ ಯಾರೂ ನೋಡಬಾರ್ದು. ಯಾರ್ನೂ ನೋಡದಿದ್ರ ಬದುಕಂಗಿಲ್ಲ. ನಾ ಏನ್ ಮಾಡ್ಲಿ?” ಎಂದೆ.

ಅಕ್ಕ ಬಟ್ಟೆ ಅಲ್ಲೇ ಇಟ್ಟು ಹೋದವರು, ಸುರುಳಿ, ಬಾಟಲಿ, ರಬ್ಬರು ಹಿಡಿದು ತಿರುಗಿ ಬಂದರು. ಕಂಬಳಿ ಕಿತ್ತು ನನ್ನ ಕೈಗೆ ಕೊಟ್ಟರು. ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಹತ್ತಿದರು.

“ಕಂಡಕ್ಟ್ರಣ್ಣ, ಬಸ್ಸಿನ್ಯಾಗ ಈ ರೋಲ್ ಅಡ್ಡ ಇಟ್ಟೆ ಅಂತ ಎಷ್ಟ್ ಬೈದೀರಿ! ಇವತ್ತ ನಿಮ್ ಮೈಮ್ಯಾಲೇ ಇಡ್ತೀನಿ, ಅದೇನ್ ಮಾಡ್ತೀರೋ ಮಾಡ್ರಿ” ಎಂದು ಸುರುಳಿಯನ್ನು ನಿಜವಾಗಿಯೂ ಅವರ ಹೊಟ್ಟೆಯ ಮೇಲೆ ಇಟ್ಟರು. ಇವರು ಗೋಡೆಯಿಂದ ಮುಖ ತಿರುಗಿಸಿ ನೋಡಿದರು. ಅದೇ ಮೊದಲು.

ಗಾಜಿನ ಮೇಲೆ ಶಾಂಪೂ ನೀರು ಸುರಿಯಿತು. ಫಿಲ್ಮಿನ ಬೆನ್ನಿನ ಹಾಳೆ ಸುಲಿದು ಅಕ್ಕ ಮೇಲಿನಿಂದ ಇಳಿಬಿಟ್ಟರು, ರಬ್ಬರಿನಿಂದ ನಡುವಿನಿಂದ ಅಂಚಿಗೆ ನೀರು ತಳ್ಳುತ್ತ ಬಂದರು. ಒಂದು ಗುಳ್ಳೆ ಉಳಿದರೂ ಬಿಡಲಿಲ್ಲ. ಕೋಣೆಗೆ ಹೊಗೆಬಣ್ಣದ ಮೆಲ್ಲನೆಯ ಬೆಳಕು ಬಂತು. ಬೀದಿ ಹಾಗೇ ಕಾಣುತ್ತಿತ್ತು, ಬಿಸಿಲು ಮಾತ್ರ ಹೊರಗೇ ನಿಂತಿತ್ತು. ಅಕ್ಕ ನನ್ನನ್ನು ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಕಿಟಕಿಯ ಮುಂದೆ ನಿಲ್ಲಿಸಿದರು. ಕಿಟಕಿಯಿರಲಿಲ್ಲ, ಕನ್ನಡಿಯಿತ್ತು. ಕೆದರಿದ ಕೂದಲಿನ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

“ಹಗಲೊತ್ತು ಅವ್ರು ಎಲ್ಲಾರ್ನೂ ನೋಡ್ತಾರ. ಅವ್ರನ್ನ ಯಾರೂ ನೋಡಂಗಿಲ್ಲ. ಮ್ಯಾಲ ತಾರಸಿಗೆ ಸುಣ್ಣ ಬಳಿಸಿಬಿಡು, ಇನ್ನಷ್ಟ್ ತಂಪಾಕ್ಕೈತಿ” ಎಂದರು. ಅಡುಗೆಮನೆಯ ಕಿಟಕಿ ತೆಗೆದಿಟ್ಟು, ತಾರಸಿಗೆ ಸುಣ್ಣ ಬಳಿಸಿದ ಮೇಲೆ ಫ್ಯಾನಿನ ಗಾಳಿ ಗಾಳಿಯಂತೆ ಬೀಸತೊಡಗಿತು.

ಆಮೇಲೆ ನಮ್ಮ ಮನೆಯಲ್ಲಿ ನಡೆದ ನಾಟಕವನ್ನು ಏನೆಂದು ಹೇಳಲಿ! ಬಸ್ಸಿಗೆ ಹೊರಟವರಿಗೆಲ್ಲ ನಮ್ಮ ಕಿಟಕಿಯೇ ಕನ್ನಡಿಯಾಯಿತು. ಹೂವಿನಹಡಗಲಿಯಿಂದ ಮಲ್ಲಿಗೆ ತರುವ ಹೆಂಗಸು ಬುಟ್ಟಿ ಇಳಿಸಿ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ಹೆಣ್ಣು ನೋಡಲು ಹೊರಟ ಹುಡುಗ ಹಣೆಯ ಮೇಲೊಂದು ಕೂದಲು ಎಳೆದು ಬಿಡುತ್ತಿದ್ದ, ಮನಸ್ಸಿಗೆ ಬಾರದೆ ಮತ್ತೆ ಹಿಂದಕ್ಕೆ ತಳ್ಳುತ್ತಿದ್ದ. ಒಬ್ಬ ಪೊಲೀಸಪ್ಪ ಬಂದು ಮೀಸೆ ತಿರುವಿ, ಕಣ್ಣು ಕೆಂಪಗೆ ಮಾಡಿ, ಗದರಿಸುವುದನ್ನು ಅಭ್ಯಾಸ ಮಾಡಿ ಹೋದ. ಮುದುಕಿಯೊಬ್ಬಳು ಗಾಜಿಗೆ ಮುಖ ಹತ್ತಿಸಿ, ಬಾಯಿ ಅಗಲಿಸಿ, ಹಲ್ಲಿನ ಸಂದಿಯ ಅಡಿಕೆ ಚೂರು ತೆಗೆದಳು. ಅದರ ಈಚೆಗೆ ಮೊಳ ದೂರದಲ್ಲಿ ಇವರು! ಮಂಚ ಅಲುಗುವ ಸದ್ದಾಯಿತು. ಏನಾಯಿತೋ ಎಂದು ಓಡಿ ಬಂದೆ. ನಗುತ್ತಿದ್ದರು. ಸದ್ದಿಲ್ಲದ ನಗು, ಮೈಯೆಲ್ಲ ಕುಲುಕಿ ಕಬ್ಬಿಣದ ಮಂಚ ಗಡಗಡ ಎನ್ನುತ್ತಿತ್ತು. ಆ ಮಧ್ಯಾಹ್ನ ಗಂಜಿಯ ಬಟ್ಟಲು ಖಾಲಿಯಾಯಿತು. ಸುಳ್ಳೇಕೆ ಹೇಳಲಿ, ದೇವರ ಮನೆಗೆ ಹೋಗುವ ಬದಲು ಅಕ್ಕನ ಅಂಗಡಿಗೆ ಹೋಗಿ ಕೈಮುಗಿದು ಬಂದೆ.

ಆದರೆ ಸಂಜೆಯನ್ನು ನಾವಿಬ್ಬರೂ ಮರೆತಿದ್ದೆವು. ಮೊದಲ ಕೆಲವು ಸಂಜೆ ಕರೆಂಟೇ ಇರಲಿಲ್ಲ, ಹಾಗಾಗಿ ಗೊತ್ತಾಗಿರಲಿಲ್ಲ. ಮುಸ್ಸಂಜೆಗೆ ಮನೆಯಲ್ಲಿ ದೀಪ ಹಚ್ಚದೆ ಯಾರಿರುತ್ತಾರೆ? ತವರಿನಲ್ಲಿ ಅವ್ವ ಕಲಿಸಿದ್ದು, ಅತ್ತೆ ಮನೆಯಲ್ಲಿ ಅತ್ತೆ ಕಲಿಸಿದ್ದು. ದೇವರಿಗೆ ದೀಪವಿಟ್ಟು, ಕೋಣೆ ಕೋಣೆಗೂ ಲೈಟು ಹಾಕಿ, ನಾನು ಒಲೆಯ ಮುಂದೆ ಕೂತಿದ್ದೆ. ಬೀದಿಯಲ್ಲಿ ಯಾರೋ ಹೆಣ್ಣುಮಗಳು ಚೀರಿದಳು. ತಲೆ ಸರಿಮಾಡಿಕೊಳ್ಳಲು ಕಿಟಕಿಗೆ ಬಂದವಳಿಗೆ ಕನ್ನಡಿಯ ಬದಲು ಒಳಗೆ ಮಲಗಿದ್ದ ಇವರ ಮುಖ ಕಂಡಿತ್ತು. ಹೊರಗೆ ಕತ್ತಲಾಗಿ ಒಳಗೆ ಬೆಳಕಾದರೆ ಆ ಫಿಲ್ಮು ಪಕ್ಷ ಬದಲಿಸುತ್ತದೆ ಎಂದು ನನಗೆಲ್ಲಿ ಗೊತ್ತಿತ್ತು. ನಾಲ್ಕು ಜನ ಸೇರಿದರು, ಇಣುಕಿದರು, ಅಯ್ಯೋ ಪಾಪ ಎಂದರು. ನಾನು ಓಡಿಬರುವುದರೊಳಗೆ ಇವರು ಮತ್ತೆ ಗೋಡೆಗೆ ತಿರುಗಿದ್ದರು.

ಸುದ್ದಿ ಕೇಳಿ ಅಕ್ಕ ಅಂಗಡಿ ಹಾಗೇ ಬಿಟ್ಟು ಬಂದರು. ಅವರ ಮುಖ ಸಣ್ಣದಾಗಿತ್ತು.

“ನನ್ ಬುದ್ಧಿಗಿಷ್ಟು! ಕಾರಿಗೆ, ಅಂಗಡಿಗೆ ಹಚ್ಚಿದಾಕಿ ನಾನು. ಸಂಜಿಕ ಅಲ್ಲಿ ಯಾರ್ ಮಲಗಿರ್ತಾರ? ಹೊಳಿಲೇ ಇಲ್ಲ ನೋಡು” ಎಂದು ಮಂಚದ ಕಾಲ ಬಳಿ ನೆಲದ ಮೇಲೇ ಕೂತರು. ಪರದೆ ಹಾಕೋಣ ಎಂದೆ ನಾನು. ಒಂದು ಬಡಿತ ಕೇಳಿಸಿತು. ನಿಲ್ಲು. ಇವರು ಎಡಗೈ ಎತ್ತಿ ಮೇಲಿನ ಲೈಟು ತೋರಿಸಿದರು, ಬೆರಳು ಆಡಿಸಿದರು. ಆರಿಸು ಎಂದು. ಆಮೇಲೆ ಬೆರಳು ಕಿಟಕಿಯ ಕಡೆ ಹೋಯಿತು. ನನಗೆ ತಿಳಿಯಲಿಲ್ಲ. ಅಕ್ಕ ಎದ್ದು ನಿಂತರು.

“ಹೌದಲ್ಲ! ಕತ್ತಲಾದ ಮ್ಯಾಲ ಡ್ರೈವರ್ ಬಸ್ಸಿನ ಒಳಗಿನ ಲೈಟ್ ಆರಸ್ರಿ ಅಂತಾನ, ಗಾಜಿನ್ಯಾಗ ದಾರಿ ಕಾಣಂಗಿಲ್ಲ ಅಂತ. ನೀವೇ ಆರಸ್ತಿದ್ರಿ. ತಂಗಿ, ಒಳಗಿಂದು ಆರಸು. ಹೊರಗ ಹಚ್ಚು.”

ಕಿಟಕಿಯ ಮೇಲಿನ ಸಜ್ಜಾದ ಕೆಳಗೆ ಅಕ್ಕ ಒಂದು ಬಲ್ಬು ಹಾಕಿಸಿದರು. ಅಂದಿನಿಂದ ನಮ್ಮ ಮನೆಯ ಸಂಜೆಯ ದೀಪ ಬೀದಿಯಲ್ಲಿ ಉರಿಯಿತು. ಕೋಣೆ ಕತ್ತಲು, ಬೀದಿ ಬೆಳಕು. ನೆರೆಮನೆಯವಳು, ಲಕ್ಷ್ಮಿ ಬರುವ ಹೊತ್ತಿಗೆ ಇದೇನು ಪದ್ಧತಿ ಎಂದು ಮೂಗು ಮುರಿದಳು. ಲಕ್ಷ್ಮಿಗೆ ನಮ್ಮ ಮನೆಯ ದಾರಿ ಮೊದಲಿನಿಂದಲೂ ಅಷ್ಟಾಗಿ ಗೊತ್ತಿಲ್ಲ, ಬಿಡಿ. ಕೊನೆಯ ಬಸ್ಸಿಗೆ ಕಾಯುವವರು ಆ ದೀಪದ ಕೆಳಗೇ ನಿಲ್ಲತೊಡಗಿದರು. ಇವರ ಹಳೆಯ ಪ್ರಯಾಣಿಕರು. ಹಲವಾಗಲಿನವರು, ಮಾಗಳದವರು, ಕೊಟ್ಟೂರಿನವರು. ಇವರು ಕತ್ತಲಲ್ಲಿ ಮಲಗಿ ಒಬ್ಬೊಬ್ಬರನ್ನೇ ಗುರುತು ಹಿಡಿಯುತ್ತಿದ್ದರು. ಪರಿಚಯದ ಮುಖ ಕಂಡರೆ ನನ್ನ ಕೈ ಅದುಮುತ್ತಿದ್ದರು. ಇಂಥವರೇನ್ರಿ ಎಂದು ನಾನು ಊಹಿಸಿ ಹೇಳುವುದು, ಸರಿಯಾದರೆ ಎರಡು ಬಡಿತ. ಮಾತು ಹೋದಮೇಲೆ ನಾವಿಬ್ಬರೂ ಇಷ್ಟು ಮಾತಾಡಿದ್ದು ಅಲ್ಲಿಯೇ...

ಅಕ್ಕ ಬಂದಾಗಲೆಲ್ಲ ಮೊದಲು ಬೀದಿಯಲ್ಲಿ ನಿಂತು ಕಿಟಕಿಗೆ ನಾಲಿಗೆ ಚಾಚಿ ಅಣಕಿಸಿ, ಆಮೇಲೆ ಒಳಗೆ ಬರುತ್ತಿದ್ದರು. ಇವರ ಮಂಚ ಗಡಗಡ ಎನ್ನುತ್ತಿತ್ತು. ಯಾರೂ ನೋಡಬಾರದೆಂದಿದ್ದ ಇವರು, ವೈದ್ಯರನ್ನೂ ಅಕ್ಕನನ್ನೂ ಬಿಟ್ಟರೆ ಮತ್ತಾರನ್ನೂ ಕೋಣೆಗೆ ಬಿಟ್ಟುಕೊಳ್ಳಲಿಲ್ಲ. ಸ್ವಂತ ತಮ್ಮ ಬಂದರೂ ಎರಡು ಬಡಿತ.

ನನಗೆ ಉರಿಯುತ್ತಿದ್ದುದು ಒಂದೇ. ಊರಿನ ಕಿಟಕಿಗೆಲ್ಲ ನೆರಳು ಹಚ್ಚುವ ಈ ಹೆಂಗಸು ತಾವು ಮಾತ್ರ ತಗಡಿನ ಡಬ್ಬಿಯಲ್ಲಿ ಕೂತು ಬೇಯುತ್ತಿದ್ದರು. ಉಳಿದ ಬೆಳ್ಳಿ ಫಿಲ್ಮಿನ ತುಂಡುಗಳನ್ನು ತಗಡಿನ ಮೇಲೆ ಅಂಟಿಸಿದ್ದರು. ಗಾಳಿ ಬಂದಾಗ ಅವು ಕಿತ್ತು ಹಾರಿಹೋಗುತ್ತಿದ್ದವು, ಮತ್ತೆ ಅಂಟಿಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಆ ಬಾಗಿಲಿಗೆ ಕೈ ಇಟ್ಟರೆ ಬೊಬ್ಬೆ ಬರುತ್ತಿತ್ತು.

“ಮಧ್ಯಾಹ್ನ ನಮ್ಮನ್ಯಾಗ ಬಂದು ಮಲಗ್ರಕ್ಕ. ನೀವೇ ತಂಪು ಮಾಡಿದ ರೂಮು” ಎಂದು ಎಷ್ಟು ಸಲ ಜಗಳವಾಡಿದೆನೋ.

“ಮದಿವಿ ಸೀಜನ್ ಐತಿ ತಂಗಿ. ನಿಮ್ಮನ್ಯಾಗ ಕುಂತ್ರ ಕಣ್ಣು ಎಳಿತಾವ. ಮಳಿ ಬೀಳ್ಲಿ, ಬಂದು ಗೊರಕಿ ಹೊಡಿತೀನಿ.”

ಆ ವರ್ಷ ಮಳೆ ತಡವಾಯಿತು. ಒಂದು ಮಧ್ಯಾಹ್ನ ಮದುವೆ ಕಾರಿಗೆ ಹೆಸರು ಅಂಟಿಸಿಕೊಳ್ಳಲು ಬಂದವರು, ಅಕ್ಕ ಕತ್ತರಿ ಹಿಡಿದೇ ಮೇಜಿನ ಮೇಲೆ ತಲೆ ಇಟ್ಟಿರುವುದನ್ನು ನೋಡಿದರು. ಮೈ ಕೆಂಡವಾಗಿತ್ತಂತೆ, ಬೆವರೇ ಇರಲಿಲ್ಲವಂತೆ. ಆಟೋದವರು ದವಾಖಾನೆಗೆ ಒಯ್ದರು. ನಾನು ಹೋಗುವ ಹೊತ್ತಿಗೆ ಮುಗಿದಿತ್ತು. ಬಿಸಿಲು ಬಡಿದದ್ದು ಎಂದರು ವೈದ್ಯರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ಇವತ್ತಿಗೂ ತಿಳಿಯದು. ಬಿಸಿಲಿನ ಮೇಲಿರಬೇಕು... ಅಥವಾ ಅಕ್ಕನ ಮೇಲೆಯೇ.

ಮನೆಗೆ ಬಂದು ಇವರಿಗೆ ಹೇಗೆ ಹೇಳುವುದೆಂದು ಬಾಗಿಲಲ್ಲೇ ನಿಂತೆ. ಹೇಳಬೇಕಾಗಲಿಲ್ಲ. ಬೀದಿಯಲ್ಲಿ ಜನ ಓಡಾಡುವುದನ್ನು ಕಿಟಕಿಯಿಂದ ನೋಡಿದ್ದರು, ನನ್ನ ಮುಖವನ್ನೂ ನೋಡಿದರು. ಕಣ್ಣು ಮುಚ್ಚಿಕೊಂಡರು. ಆ ದಿನ ಬಡಿತವೇ ಇಲ್ಲ.

ಕೂಡ್ಲಿಗಿಗೆ ಕೊಟ್ಟಿದ್ದ ಅಕ್ಕನ ಮಗಳು ಮಾರನೆಯ ದಿನ ಬಂದಳು, ಮತ್ತಷ್ಟು ನೆಂಟರಿಗೆ ಕಾದರು. ಹೆಣ ಎತ್ತುವ ಹೊತ್ತಿಗೆ ಸಂಜೆಯಾಗಿತ್ತು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಒಯ್ಯುವುದು. ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಹೂವಿನ ವಿಮಾನದಲ್ಲಿ ಮುಖ ಕಾಣುವ ಹಾಗೆ. ಅಕ್ಕನನ್ನೂ ಹಾಗೇ ಕೂರಿಸಿದ್ದರು. ನಾನು ಮುಂಚೆಯೇ ಮನೆಗೆ ಬಂದು ಹೊರಗಿನ ದೀಪ ಹಚ್ಚಿ ಇವರ ಹತ್ತಿರ ಕೂತೆ. ಹಲಗೆಯ ಸದ್ದು, ಭಜನೆಯ ಸದ್ದು ಹತ್ತಿರವಾಯಿತು.

ಮಂಚದ ಸರಳಿಗೆ ಒಂದು ಬಡಿತ. ಇವರ ಬೆರಳು ಹೊರಗಿನ ದೀಪ ತೋರಿಸಿತು, ಆರಿಸು. ಆಮೇಲೆ ತಲೆಯ ಮೇಲಿನ ಲೈಟು ತೋರಿಸಿತು, ಹಚ್ಚು.

“ಎಲ್ಲಾರೂ ನೋಡ್ತಾರ್ರೀ... ಊರಿಗೂರೇ ಬಂದೈತಿ” ಎಂದೆ.

ಎರಡು ಬಡಿತ. ಜೋರಾಗಿ.

ಹೊರಗಿನದು ಆರಿಸಿದೆ, ಒಳಗಿನದು ಹಚ್ಚಿದೆ. ಅವರ ಬೆನ್ನಿಗೆ ದಿಂಬು ಕೊಟ್ಟು ಕಿಟಕಿಯ ಕಡೆಗೆ ಎತ್ತಿ ಕೂರಿಸಿದೆ. ಸೊರಗಿದ ಮುಖ, ಎಳೆದ ಬಾಯಿ, ಜೋತ ಬಲಗೈ, ಎಲ್ಲವೂ ಆ ಬೆಳಕಿನಲ್ಲಿ ಬೀದಿಗೆ ಕಾಣುತ್ತಿತ್ತು. ವಿಮಾನ ಕಿಟಕಿಯ ಎದುರಿಗೆ ಬಂದಾಗ ಇವರು ಉಂಗುರದಿಂದ ಗಾಜಿಗೆ ಒಮ್ಮೆ ಬಡಿದರು.

ಹಲಗೆ ನಿಂತಿತು. ಹೆಗಲು ಕೊಟ್ಟವರಲ್ಲಿ ಮುಂದಿದ್ದವನು ಅಕ್ಕನನ್ನು ದವಾಖಾನೆಗೆ ಒಯ್ದ ಆಟೋದವನೇ. ಕಿಟಕಿಯ ಕಡೆ ತಿರುಗಿ ನೋಡಿದ.

“ಅಕ್ಕನ್ನ ಈ ಕಡಿ ತಿರುಗಸ್ರಲೇ,” ಎಂದ. “ಕಂಡಕ್ಟ್ರು ನೋಡ್ಬೇಕಂತ.”

ತಿರುಗಿಸಿದರು. ಗಾಜಿನ ಆ ಕಡೆ ಅಕ್ಕ ಕೂತಿದ್ದರು, ಈ ಕಡೆ ಇವರು. ಅಕ್ಕನ ತುರುಬಿನಲ್ಲಿ ಅಂದು ಪೆನ್ಸಿಲ್ಲಿರಲಿಲ್ಲ, ಮಲ್ಲಿಗೆಯಿತ್ತು. ಇವರು ಎಡಗೈಯನ್ನು ಎದೆಗೆ ಒತ್ತಿಕೊಂಡರು. ಒಂದೇ ಕೈಯಲ್ಲಿ ಹೇಗೆ ಮುಗಿಯುವುದೋ ಹಾಗೆ ಮುಗಿದರು. ಬೀದಿಯಲ್ಲಿ ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಇವರ ಕಣ್ಣಿಂದ ಇಳಿದ ನೀರನ್ನು ಒರೆಸಲು ಹೋದೆ, ತಲೆ ಆಡಿಸಿ ಬೇಡವೆಂದರು. ಆಮೇಲೆ, ತಮಗೆ ಸಾಕೆನಿಸಿದಾಗ, ಗಾಜಿಗೆ ಎರಡು ಸಲ ಬಡಿದರು.

ವಿಮಾನ ಹೊರಟಿತು.

ಇವರೂ ಬಹಳ ದಿನ ಉಳಿಯಲಿಲ್ಲ. ಮುಂದಿನ ಮಳೆಗಾಲದಲ್ಲಿ, ಹಗಲು ಹೊತ್ತಿನಲ್ಲೇ, ಬೀದಿ ನೋಡುತ್ತಾ ನೋಡುತ್ತಾ... ಹೊರಗೆ ಯಾರೋ ಛತ್ರಿ ಮಡಿಚಿ ತಲೆ ಬಾಚಿಕೊಳ್ಳುತ್ತಿದ್ದರು.

ಮೊನ್ನೆ ದವಾಖಾನೆಯ ಕೆಲಸ ಮುಗಿಸಿದ ಮೇಲೆ ಫಿಲ್ಮ್ ಹಚ್ಚುವವನು ನಮ್ಮ ಕಿಟಕಿ ನೋಡಿ ಬಂದ. ಅಂಚುಗಳು ಸುಲಿದಿವೆ, ಬೆಳ್ಳಿ ಮಾಸಿ ಅಲ್ಲಲ್ಲಿ ಗುಳ್ಳೆ ಎದ್ದಿದೆ. ಅಕ್ಕ ಇದ್ದಿದ್ದರೆ ಒಂದು ಗುಳ್ಳೆಯನ್ನೂ ಬಿಡುತ್ತಿರಲಿಲ್ಲ.

“ಅಮ್ಮಾ, ಇದು ಕೆಟ್ಟೈತ್ರಿ. ಕಿತ್ತು ಹೊಸಾದು ಹಚ್ಲೇನ್ರಿ? ಈಗಿನ ಫಿಲ್ಮ್ ಇದಕ್ಕಿಂತ ತಂಪು.”

“ಬ್ಯಾಡಪ್ಪ,” ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. “ಒಳಗ ಯಾರೂ ಇಲ್ಲ, ತಂಪು ತಗೊಂಡು ಏನ್ ಮಾಡ್ಲಿ?”

ಅವನು ಸಾಮಾನು ಕಟ್ಟಿಕೊಂಡು ಹೋದ. ಅಷ್ಟರಲ್ಲಿ ಹೊತ್ತು ಇಳಿಯಿತು. ಬೀದಿಯ ದೀಪ ಹಚ್ಚಿದೆ, ಅದೊಂದು ರೂಢಿ ಉಳಿದಿದೆ. ಒಳಗೆ ಹೋಗುವವಳು ಯಾಕೋ ಕಿಟಕಿಯ ಮುಂದೆ ನಿಂತೆ. ಮಾಸಿದ ಗಾಜಿನಲ್ಲಿ ನನ್ನ ಮುಖ ತುಂಡು ತುಂಡಾಗಿ ಕಂಡಿತು. ಸೆರಗು ಸರಿ ಮಾಡಿಕೊಂಡೆ. ಅತ್ತಿತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅಕ್ಕ ಮಾಡುತ್ತಿದ್ದ ಹಾಗೆ ಗಾಜಿಗೆ ನಾಲಿಗೆ ಚಾಚಿ ಅಣಕಿಸಿದೆ. ಮಂಚ ಅಲುಗುವ ಸದ್ದು ಕೇಳಿಸೀತೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ... ಕೇಳಿಸಲಿಲ್ಲ.